ಒದ್ದೆ ಬೂಟಿನ ಲಾರ್ಡ್

ಬಾಗಿಲು ಹಾಕಿದೆ ತಾನೇ? ಸರಿ, ಕೇಳಿ. ಇದು ನನ್ನ ದೊಡ್ಡಮ್ಮನ ಮಗ ಸಿರಿಲ್ ಮ್ಯಾಬಟ್‌ಗೆ ಆದದ್ದು. ಸಿರಿಲ್ ಸುಳ್ಳು ಹೇಳುವ ಪೈಕಿ ಅಲ್ಲ. ಸುಳ್ಳು ಕಟ್ಟುವಷ್ಟು ತಲೆಯೂ ಅವನಿಗಿಲ್ಲ. ಲಂಡನ್ನಿನಲ್ಲಿ, ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಬಾಗಿಲು ಕಾಯುತ್ತಿದ್ದ. ಹಿಂದೆ ಬಾಲ ಬಿಟ್ಟ ಕರಿ ಕೋಟು, ಬಿಳಿ ಟೈ, ಎದೆಯ ಮೇಲೊಂದು ಬಿಲ್ಲೆ. ಕಂಡದ್ದನ್ನು ಕಾಣಲಿಲ್ಲ, ಕೇಳಿದ್ದನ್ನು ಕೇಳಲಿಲ್ಲ ಎಂದು ನಿಂತಿರುವುದೇ ಅವನ ನೌಕರಿ.

ಜುಲೈ ಕೊನೆ. ಬೇಸಿಗೆ ರಜೆಗೆ ಮೊದಲು ಮಸೂದೆಗಳನ್ನೆಲ್ಲ ಮುಗಿಸುವ ಅವಸರ. ಸಭೆ ನಡುರಾತ್ರಿ ದಾಟಿತ್ತು. ಬಸ್ಸಿಲ್ಲ. ಸಿರಿಲ್ ಲ್ಯಾಂಬೆತ್ ಸೇತುವೆ ದಾಟಿ ನಡೆದೇ ಹೊರಟ. ವಾರಗಟ್ಟಲೆ ಮಳೆ ಬಿದ್ದಿರಲಿಲ್ಲ, ಬೀದಿಯೆಲ್ಲ ದೂಳು. ಚರ್ಚಿನ ಹಿಂದೆ ಒಂದು ಮುಚ್ಚಿದ ಬಾವಿ, ಅದರ ಮೇಲೆ ಬಾಗಿದ ದೊಡ್ಡ ಮರ. ಅಲ್ಲಿಗೆ ಬಂದಾಗ ಹಿಂದಿನಿಂದ ಸದ್ದು... ಪಚಕ್... ಪಚಕ್... ನೀರು ತುಂಬಿಕೊಂಡ ಬೂಟಿನ ಸದ್ದು.

ಸಿರಿಲ್ ನಿಂತ. ಅದೂ ನಿಂತಿತು. ಆಮೇಲೆ ಬರೀ ಟಪ್... ಟಪ್... ಅಂತ ಹನಿ ಬೀಳುವುದು. ಅವನು ತಿರುಗಿ ನೋಡಲಿಲ್ಲ. ಯಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ನೋಡಲಿಲ್ಲ.

ಯಾರೆಂದು ನಿಮಗೆ ತಿಳಿಯಬೇಕಾದರೆ ಮೊದಲು ಹೆಸ್ಟರ್ ಪಾಡ್‌ಮೋರ್ ವಿಷಯ ಹೇಳಬೇಕು.

ಹೆಸ್ಟರ್ ಸಿರಿಲ್‌ನ ಪಕ್ಕದ ಮನೆಯವಳು. ಗಂಡ ಆಲ್ಬಿ ಬಂದರಿನ ಧಕ್ಕೆಯಲ್ಲಿ ಹಡಗಿನ ಸರಕು ಇಳಿಸುತ್ತಿದ್ದ. ಒಂದು ದಿನ ಹಲಗೆಯಿಂದ ಜಾರಿ ಹಡಗಿನ ಹೊಟ್ಟೆಯೊಳಗೆ ಬಿದ್ದ. ಬಿದ್ದದ್ದು ರಮ್ಮಿನ ಪೀಪಾಯಿಗಳ ಮೇಲೆ. ಪೀಪಾಯಿ ಒಡೆಯಿತು, ಆಲ್ಬಿಯ ಬೆನ್ನೂ ಮುರಿಯಿತು. ಹೆಣ ಎತ್ತಿದಾಗ ರಮ್ಮಿನ ನಾತ. ಕಂಪನಿಯವರಿಗೆ ಅಷ್ಟೇ ಸಾಕಾಯಿತು. ಕುಡಿದಿದ್ದ, ಬಿದ್ದ, ಸತ್ತ ಎಂದುಬಿಟ್ಟರು. ಆಲ್ಬಿ ಮದ್ಯವೇ ಪಾಪ ಎನ್ನುವ ಚಾಪೆಲ್ ಪಂಥದ ಮನುಷ್ಯ, ಹುಟ್ಟಿದಾಗಿನಿಂದ ಒಂದು ಲೋಟ ಬಿಯರು ಮುಟ್ಟಿದವನಲ್ಲ. ಆದರೂ ಬೀದಿಯ ಜನ ನಂಬಿದರು. ಜನಕ್ಕೆ ಒಳ್ಳೆಯದನ್ನು ನಂಬಲು ಸಾಕ್ಷಿ ಬೇಕು, ಕೆಟ್ಟದ್ದಕ್ಕೆ ವಾಸನೆ ಸಾಕು.

ಹೆಸ್ಟರ್‌ಗೆ ಪರಿಹಾರದ ಆಸೆ ಎಂದೋ ಬತ್ತಿತ್ತು. ಅವಳಿಗೆ ಬೇಕಿದ್ದದ್ದು ಒಂದೇ ಮಾತು: ಆ ಮನುಷ್ಯ ಕುಡಿದಿರಲಿಲ್ಲ. ಒಂದು ಕೋರ್ಟು ಹೇಳಲಿಲ್ಲ, ಎರಡನೆಯದೂ ಹೇಳಲಿಲ್ಲ. ಆರು ವರ್ಷ ಅಲೆದು ಕೊನೆಗೆ ಮೇಲ್ಮನೆಗೆ ಬಂದಳು. ಆಗೆಲ್ಲ ದೇಶದ ಕೊನೆಯ ತೀರ್ಪು ಅಲ್ಲೇ. ಮಧ್ಯಾಹ್ನ ಮಸೂದೆ ಓದುವ ಅದೇ ಕೆಂಪು ಬೆಂಚುಗಳ ಮೇಲೆ ಬೆಳಗ್ಗೆ ಐವರು ನ್ಯಾಯಾಧೀಶ ಲಾರ್ಡ್‌ಗಳು ಕೂತು ತೀರ್ಪು ಕೊಡುತ್ತಿದ್ದರು. ಅಲ್ಲಿನ ಪದ್ಧತಿ ಏನು ಗೊತ್ತೇ? ಬರೆದಿಟ್ಟದ್ದು ಲೆಕ್ಕಕ್ಕಿಲ್ಲ. ಪ್ರತಿಯೊಬ್ಬನೂ ಸಭೆಯಲ್ಲಿ ಎದ್ದು ನಿಂತು, ತನ್ನ ಬಾಯಲ್ಲೇ ಹೇಳಬೇಕು. ಸಮಸಮ ಬಿದ್ದರೆ ಕೆಳಗಿನ ಕೋರ್ಟು ಹೇಳಿದ್ದೇ ಉಳಿಯುತ್ತದೆ.

ಇಬ್ಬರು ಕಂಪನಿಯ ಕಡೆ, ಇಬ್ಬರು ಹೆಸ್ಟರ್ ಕಡೆ. ಐದನೆಯವರು ಲಾರ್ಡ್ ಬ್ರೇಡ್‌ಮೂರ್. ಅವರೂ ಹೆಸ್ಟರ್ ಪರವಾಗಿಯೇ ಬರೆದು ಮುಗಿಸಿದ್ದಾರೆ ಎಂದು ಒಬ್ಬ ಗುಮಾಸ್ತ ಸಿರಿಲ್‌ನ ಕಿವಿಯಲ್ಲಿ ಹೇಳಿದ್ದ. ಸಿರಿಲ್ ಅವಳಿಗೆ ಹೇಳಿದ. ಆರು ವರ್ಷದಲ್ಲಿ ಮೊದಲ ಸಲ ಹೆಸ್ಟರ್ ಕಿಟಕಿಯ ಪರದೆ ಒಗೆದು ಹಾಕಿದಳು.

ತೀರ್ಪು ಮೇ ತಿಂಗಳಲ್ಲಿ ಬರಬೇಕಿತ್ತು. ಆದರೆ ಲಾರ್ಡ್ ಸಾಹೇಬರಿಗೆ ಸ್ಕಾಟ್ಲೆಂಡಿನ ಹೊಳೆಯಲ್ಲಿ ಸಾಲ್ಮನ್ ಮೀನು ಏರುತ್ತಿದೆ ಎಂದು ತಂತಿ ಬಂತು. ಮೀನು ಹಿಡಿಯಲು ಹೊರಟು, ತೀರ್ಪನ್ನು ಒಂದು ವಾರ ಮುಂದೆ ಹಾಕಿಸಿಬಿಟ್ಟರು. ಕೋಟು ತೊಡಿಸುತ್ತಿದ್ದ ಸಿರಿಲ್ ತಡೆಯಲಾರದೆ ಬಾಯಿಬಿಟ್ಟ.

"ಸ್ವಾಮಿ, ಆ ಹೆಂಗಸು ತುಂಬಾ ಕಾದಿದ್ದಾಳೆ."

"ಆರು ವರ್ಷ ಕಾದವಳು ಇನ್ನೊಂದು ವಾರ ಕಾದ್ರೆ ಸವೆದು ಹೋಗ್ತಾಳೇನಯ್ಯಾ?" ಅಂದರು. ಕೆಟ್ಟ ದನಿಯಲ್ಲೇನೂ ಅಲ್ಲ, ನಗುತ್ತಲೇ.

ಮೂರನೇ ದಿನ ಹೊಳೆಯಲ್ಲಿ ಕಾಲು ಜಾರಿತು. ತೊಡೆ ತನಕ ಬರುವ ರಬ್ಬರ್ ಬೂಟು, ಒಳಗೆ ನೀರು ತುಂಬಿದರೆ ಮೇಲೇಳಲು ಬಿಡುವುದಿಲ್ಲ. ಹೋಗಿಬಿಟ್ಟರು.

ಜೂನಿನಲ್ಲಿ ಉಳಿದ ನಾಲ್ವರು ಎದ್ದು ಹೇಳಿದರು. ಎರಡು, ಎರಡು. ಹೆಸ್ಟರ್ ಕಟಕಟೆಯ ಹಿಂದೆ ನಿಂತಿದ್ದಳು. "ಒಪ್ಪುವವರು ಒಪ್ಪಿಗೆ ಅನ್ನಿ, ಇಲ್ಲದವರು ಇಲ್ಲ ಅನ್ನಿ" ಎಂದರು ಪೀಠದಿಂದ. ಮೊಟ್ಟೆ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಆಲ್ಬಿ ಪಾಡ್‌ಮೋರ್ ಕಾನೂನಿನ ಪ್ರಕಾರ ಶಾಶ್ವತ ಕುಡುಕನಾದ. ಹೆಸ್ಟರ್ ಅಳಲಿಲ್ಲ. ಸಿರಿಲ್‌ನನ್ನು ನೋಡಿ, "ಬಾಗಿಲು ಯಾವ ಕಡೆ?" ಎಂದಳು, ಅಷ್ಟೇ.

ಈಗ ಆ ಜುಲೈ ರಾತ್ರಿಗೆ ಬನ್ನಿ. ಸಿರಿಲ್ ಇನ್ನೂ ಮನೆಗೆ ಹೊರಟಿರಲಿಲ್ಲ, ಸಭೆಯಲ್ಲಿ ಚರಂಡಿ ಮಸೂದೆ ನಡೆಯುತ್ತಿತ್ತು. ಅರ್ಧ ಬೆಂಚು ಖಾಲಿ, ಉಳಿದರ್ಧದಲ್ಲಿ ನಿದ್ದೆ. ಸಿರಿಲ್ ಬಾಗಿಲಲ್ಲಿದ್ದ. ಇದ್ದಕ್ಕಿದ್ದಂತೆ ಪಚಕ್... ಎಂದಿತು. ಬ್ರೇಡ್‌ಮೂರ್ ಕೂರುತ್ತಿದ್ದ ಜಾಗದಲ್ಲಿ ಒಬ್ಬರು ಎದ್ದು ನಿಂತರು. ತೊಡೆಯುದ್ದದ ಬೂಟು. ಟೋಪಿಗೆ ಚುಚ್ಚಿದ ಗಾಳದ ಕೊಕ್ಕೆಗಳು. ತೋಳಿನಿಂದ ನೀರು ಇಳಿಯುತ್ತಿತ್ತು... ಟಪ್... ಟಪ್... ಕೆಂಪು ತೊಗಲಿನ ಮೇಲೆ.

"ಲಾರ್ಡ್‌ಗಳೇ," ಎಂದಿತು ದನಿ. ಗಂಟಲಲ್ಲಿ ಗೊಳಗೊಳ. "ಆ ಮನುಷ್ಯ ಕುಡಿದಿರಲಿಲ್ಲ. ಈ ಮನವಿಯನ್ನ ನಾನು ಒಪ್ಪುತ್ತೇನೆ."

ಎಲ್ಲರೂ ಕಂಡರು. ಎಲ್ಲರೂ ಕೇಳಿದರು, ಇದನ್ನು ಸಿರಿಲ್ ಬೈಬಲ್ ಮುಟ್ಟಿ ಹೇಳುತ್ತಾನೆ. ಒಬ್ಬರೂ ಕಿರುಚಲಿಲ್ಲ. ಪಕ್ಕದಲ್ಲಿದ್ದ ಅರ್ಲ್ ಪದವಿಯವರೊಬ್ಬರು ನೀರು ತಾಗದಂತೆ ಮಂಡಿಯನ್ನು ಆಚೆ ಸರಿಸಿಕೊಂಡರು. ಹಿಂದಿನಿಂದ ಯಾರೋ ಮೆಲ್ಲಗೆ, "ಇದು ಇವತ್ತಿನ ಕಲಾಪದಲ್ಲಿ ಇಲ್ಲ" ಎಂದರು. ಇನ್ನೊಬ್ಬರು, "ಹೌದು ಹೌದು, ನ್ಯಾಯದ ಕೆಲಸ ಬೆಳಗ್ಗೆ" ಎಂದರು. ಪೀಠದಲ್ಲಿದ್ದವರು ಕಣ್ಣೆತ್ತದೆ ಮಸೂದೆಯ ಮುಂದಿನ ಕಲಮು ಓದಿದರು. ಒಪ್ಪಿಗೆ, ಒಪ್ಪಿಗೆ ಎಂದರು ಎಲ್ಲರೂ. ಚರಂಡಿ ಮುಂದೆ ಹರಿಯಿತು. ನಿಂತವರು ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದರು... ಆಮೇಲೆ ಅಲ್ಲಿರಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ದೆವ್ವ ಬಂದು ನಿಂತರೂ ಕ್ರಮ ತಪ್ಪಿತು ಎನ್ನುವ ಜನ ಇವರು.

ಹಾಗಾಗಿ ಬಾವಿಯ ಹತ್ತಿರ ಹಿಂದೆ ಬಂದದ್ದು ಯಾರೆಂದು ಸಿರಿಲ್‌ಗೆ ಗೊತ್ತಿತ್ತು. ಯಾಕೆಂದು ಮಾತ್ರ ಗೊತ್ತಿರಲಿಲ್ಲ. ಹೆಜ್ಜೆ ಜೋರು ಮಾಡಿದ. ಪಚಕ್ ಪಚಕ್ ಪಚಕ್... ಅದೂ ಜೋರಾಯಿತು. ತನ್ನ ಮನೆಯ ಬಾಗಿಲಿಗೆ ಬಂದು ಬೀಗದಲ್ಲಿ ಕೀಲಿಕೈ ಹಾಕಿದ. ತಣ್ಣನೆಯ ಗಾಳಿ ಬೆನ್ನು ಸವರಿ ಮುಂದೆ ಹೋಯಿತು. ಸದ್ದು ಪಕ್ಕದ ಬಾಗಿಲಲ್ಲಿ ನಿಂತಿತು. ಅಯ್ಯೋ, ಹೆಸ್ಟರ್ ಮನೆಯ ದಾರಿ ಗೊತ್ತಿಲ್ಲದೆ ನನ್ನ ಹಿಂದೆ ಬಂದದ್ದಾ ಎಂದು ಆಗ ಸಿರಿಲ್‌ಗೆ ಹೊಳೆಯಿತು.

ಟಕ್. ಟಕ್. ಟಕ್.

ಮೇಲೆ ದೀಪ ಹತ್ತಿತು. ಸರಪಳಿ ಜಣ್ ಎಂದಿತು. ಬಾಗಿಲು ಅಂಗೈಯಗಲ ತೆರೆಯಿತು. ಹೆಸ್ಟರ್ ಶಾಲು ಹೊದ್ದು ನಿಂತಿದ್ದಳು.

"ಯಾರದು?"

"ಬ್ರೇಡ್‌ಮೂರ್..."

ಅವಳು ಹೆದರಲಿಲ್ಲ. ಬಾಡಿಗೆ ಕೇಳಲು ಬಂದವನನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು ಎನ್ನುತ್ತಾನೆ ಸಿರಿಲ್.

"ಏನಾಗ್ಬೇಕಿತ್ತು?"

"ನಿಮ್ಮ ಯಜಮಾನರು ಕುಡಿದಿರಲಿಲ್ಲಮ್ಮ."

"ಅದು ನನಗೆ ಗೊತ್ತು." ಪಿಸುದನಿ, ಆದರೆ ಚಾಕುವಿನ ಹಾಗೆ. "ಅವನ ಪಕ್ಕ ಮಲಗಿದವಳು ನಾನು. ನನಗ್ಯಾಕೆ ಹೇಳ್ತೀರ? ಅಲ್ಲಿ ಹೇಳಿ."

"ಹೇಳಿದೆ... ಈಗ ತಾನೇ."

"ಏನಂದ್ರು?"

ಟಪ್... ಟಪ್...

"ಕಲಾಪದಲ್ಲಿ ಇಲ್ಲ ಅಂದ್ರು."

"ಇದ್ದಿದ್ದು ಯಾವಾಗ?"

"ಮೇ ತಿಂಗಳಲ್ಲಿ."

"ಆವಾಗ ಎಲ್ಲಿದ್ರಿ?"

ಒದ್ದೆ ಬೂಟು ಪಚಕ್ ಎಂದು ಒಂದು ಹೆಜ್ಜೆ ಹಿಂದೆ ಸರಿಯಿತು. ಹೆಸ್ಟರ್ ಬಹಳ ಮರ್ಯಾದೆಯಿಂದ ಕೇಳಿದಳು.

"ಮೀನು ಸಿಕ್ತಾ?"

ಆ ಬಾಯಿ ತೆರೆಯಿತು. ಗಳಗಳ ನೀರು ಬಂತು. ಅದು ನಿಂತ ಮೇಲೆ, "ಒಳಗೆ ಬರ್ಲಾಮ್ಮ... ಚಳಿ..." ಎಂದಿತು.

"ಬೇಡ. ಅಲ್ಲೇ ಇರಿ."

ಠಕ್ ಎಂದು ಚಿಲಕ ಬಿತ್ತು. ಸಿರಿಲ್ ಹೇಗೋ ತನ್ನ ಮನೆಯೊಳಗೆ ಬಿದ್ದ. ಬೆಳಗಾಗುವವರೆಗೆ ಗೋಡೆಯಾಚೆ ಹೆಸ್ಟರ್ ಅಳುವುದು ಕೇಳಿಸಿತು. ಜೂನಿನಲ್ಲಿ ಅಳದದ್ದನ್ನೆಲ್ಲ ಆ ಒಂದು ರಾತ್ರಿ ಅತ್ತಳು ಪಾಪ.

ಮಾರನೇ ದಿನ ಅವಳ ಮೆಟ್ಟಿಲು ಒದ್ದೆ. ಅದರ ಮಾರನೇ ದಿನವೂ. ಆಗಸ್ಟ್ ಇಡೀ ಒಂದು ಹನಿ ಮಳೆಯಿಲ್ಲ, ಹುಲ್ಲೆಲ್ಲ ಸುಟ್ಟುಹೋಗಿತ್ತು. ಆ ಒಂದು ಮೆಟ್ಟಿಲಿನ ಮೇಲೆ ಮಾತ್ರ ನೀರು ನಿಂತಿರುತ್ತಿತ್ತು. ಹೆಸ್ಟರ್ ಒರೆಸುತ್ತಿರಲಿಲ್ಲ, ದಾಟಿಕೊಂಡು ಹೋಗುತ್ತಿದ್ದಳು. ಕೊನೆಗೆ ನೀರಿನ ಪೈಪು ಒಡೆದಿರಬೇಕೆಂದು ಕೌನ್ಸಿಲ್ಲಿನವರು ಗುದ್ದಲಿ ಹಿಡಿದು ಬಂದರು.

"ಅಮ್ಮಾ, ಜಾರಿ ಬಿದ್ದೀರಿ. ಈ ಮೆಟ್ಟಿಲು ಕಿತ್ತು ಹೊಸದು ಹಾಕಿಕೊಡ್ಲಾ?" ಎಂದ ಮೇಸ್ತ್ರಿ.

"ಇರಲಿ ಬಿಡಿ. ಕಾಯೋದು ಅಂದ್ರೆ ಏನು ಅಂತ ಅವರಿಗೂ ಗೊತ್ತಾಗ್ಲಿ" ಎಂದಳು ಹೆಸ್ಟರ್.

ಯಾರಿಗೆ ಎಂದು ಮೇಸ್ತ್ರಿ ಸುತ್ತ ನೋಡಿದ. ಯಾರೂ ಇರಲಿಲ್ಲ. ಮೆಟ್ಟಿಲು ಕೀಳದೆ, ಪೈಪು ನೋಡಲು ಅದರ ಬದಿಯಿಂದ ಅಗೆದ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು... ಆ ಗುಂಡಿ ತೋಡುವಾಗ ನಾನೂ ಅಲ್ಲೇ ನಿಂತಿದ್ದೆ. ಪೈಪು ಇದ್ದದ್ದು ಬೀದಿಯ ಆಚೆ ಕಡೆ. ಮೆಟ್ಟಿಲ ಕೆಳಗಿನ ಮಣ್ಣನ್ನು ಮೇಸ್ತ್ರಿ ಕೈಯಲ್ಲಿ ಎತ್ತಿ ತೋರಿಸಿದ. ಒಣ ಪುಡಿ.