ವರದಾ ಟೀಚರ್ ಹೇಳಿದ ಒಂಬತ್ತು

ಸಭೆಗೆ ನಮಸ್ಕಾರ. ಸಭೆಯ ಅಧ್ಯಕ್ಷರಾಗಿ ಮುಂದೆ ಕುಳಿತಿರುವ ಸತ್ಯಬೋಧರಾಯರೇ, ತಾಯಿ ವರದಾ ಟೀಚರನ್ನು ಕಳೆದುಕೊಂಡ ಜಯಶ್ರೀಯವರೇ, ಕಮತಗಿ, ಗುಡೂರಿನಿಂದ ಬಸ್ಸು ಹಿಡಿದು ಬಂದ ನಮ್ಮ ಶನಿವಾರದ ಬೈಠಕಿನವರೇ—

ನಾನು ನರಸಿಂಹ. ವರದಾ ಟೀಚರ್ ಗಣಿತ ಕಲಿಸಿದ ಶಾಲೆಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವನು. ವರ್ಷಗಟ್ಟಲೆ ಬಿಡದ ನೋವಿನವರಿಗಾಗಿ ಅವರು ಇಳಕಲ್ಲಿನಲ್ಲಿ ಈ ಬೈಠಕು ಶುರು ಮಾಡಿದರು. ಬಿಸಿನೀರಿನ ಚೀಲ, ಮಗ್ಗದ ಕುಣಿಯಲ್ಲಿ ಕೂರುವವರಿಗೆ ದಿಂಬು, ವ್ಯಾಯಾಮ. ತಮಗೇ ಹತ್ತು ವರ್ಷದ ಬೆನ್ನುನೋವು, ಆದರೂ ನಗುತ್ತಿದ್ದರು. ಇಂಗ್ಲಿಷಿನಲ್ಲಿ ಫಾಯರ್‌ಬ್ರ್ಯಾಂಡ್ ಅನ್ನುತ್ತಾರಲ್ಲ—ಅಲ್ಲ, ಆ ಪದ ಬೇರೆ ಇರಬೇಕು.

ಬೈಠಕಿನ ಪದ್ಧತಿ ನಿಮಗೆ ಗೊತ್ತು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ನೀವು ಹೇಳಬೇಕು, ನಾನು ಪುಸ್ತಕದಲ್ಲಿ ಬರೆಯಬೇಕು. ತಿಂಗಳಿಗೊಮ್ಮೆ ಬಾಗಲಕೋಟೆಯ ಡಾಕ್ಟರು ಬಂದು, ದೊಡ್ಡ ಅಂಕಿಯ ಇಬ್ಬರನ್ನು ಚಿಕಿತ್ಸೆಗೆ ಕರೆದುಕೊಳ್ಳುತ್ತಾರೆ.

ಈಗ ಹೇಳುವುದನ್ನು—ಸ್ವಲ್ಪ ನೀರು ಕೊಡಿ—ಈಗ ಹೇಳುವುದನ್ನು ಪೂರ್ತಿ ಕೇಳಿ.

ನೀವು ಹೇಳಿದ ಅಂಕಿಯನ್ನು ನಾನು ಬರೆಯಲಿಲ್ಲ.

ಜೈನಬಿ, ನೀವು “ಎಂಟ್ ಐತ್ರಿ ಸರ, ಕಾಲ ಮಡಚಾಕ ಆಗವಲ್ದು” ಅಂದಿರಿ. ಐದು ಬರೆದೆ. ಕಾಶಪ್ಪ ಏಳು ಅಂದ, ನಾಲ್ಕು ಬರೆದೆ. ಕೂತುಕೋ ಕಾಶಪ್ಪ, ಮುಗಿದ ಮೇಲೆ ಬೈಯುವೆಯಂತೆ.

ಮೂವತ್ತೈದು ವರ್ಷ ರಜೆ ಅರ್ಜಿ ಓದಿದ ಗುಮಾಸ್ತ ನಾನು. ಹೊಟ್ಟೆನೋವು ಎಂದು ಬರೆದವರೆಲ್ಲ ಮದುವೆಗೆ ಹೋದವರು. ಎಕ್ಸಾಜರೇಶನ್ ಕಡಿಮೆ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ನನ್ನ ಹೆಂಡತಿ ಸರಸ್ವತೀಬಾಯಿ ಹೋಗಿ ಆರು ವರ್ಷ—ಅವಳ ಸೊಂಟನೋವಿಗೂ ಹೀಗೆಯೇ ಮಾಡಿದೆ. ಅಲ್ಲಿ ಪುಸ್ತಕವಿರಲಿಲ್ಲ, ಅಷ್ಟೇ.

ಟೀಚರ್ ತಮಗೆ ಒಂಬತ್ತು ಅನ್ನುತ್ತಿದ್ದರು. ನಗುವವರಿಗೆ ಎಲ್ಲಿಯ ಒಂಬತ್ತು ಎಂದು ಆರು ಬರೆದೆ. ಎದುರಿಗೆ ನರಳಿದವರ ಏಳು, ಎಂಟನ್ನು ಮಾತ್ರ ನಂಬಿ ಹಾಗೇ ಬರೆದಿದ್ದೆ, ಡಾಕ್ಟರು ಅವರನ್ನೇ ಕರೆದರು. ಹದಿನಾಲ್ಕು ತಿಂಗಳು—ಜಯಶ್ರೀಯವರೇ, ನನ್ನನ್ನು ನೋಡಬೇಡಿ—ಹದಿನಾಲ್ಕು ತಿಂಗಳು ಡಾಕ್ಟರು ಅವರಿಗೆ “ಮುಂದಿನ ಸಲ ನೋಡೋಣ” ಅಂದರು.

ಹೋದ ಶನಿವಾರ ಅವರೇ ಪುಸ್ತಕ ತೆರೆದು ನೋಡಿದರು. ಕೂಗಲಿಲ್ಲ.

“ನರಸಿಂಹರಾವ್, ನೋವು ನಂದದ. ನಂಬರು ನಿಮ್ದ್ಯಾಕ?”

“ತಪ್ಪಾತ್ರಿ, ತಿದ್ದತೇನಿ” ಅಂದೆ.

“ಬರೇ ತಿದ್ದಿದ್ರ ಆಗೂದಿಲ್ಲ. ಬರೂ ಶನಿವಾರ ಎಲ್ಲಾರ ಮುಂದ ಹೇಳ್ರಿ. ನಾ ಹೇಳೂದಿಲ್ಲ.”

ಬುಧವಾರ ಬೆಳಿಗ್ಗೆ ಅವರ ಹೃದಯ ನಿಂತಿತು. ಅಲ್ಲಿಗೆ ಇದು ಗೊತ್ತಿದ್ದವನು ನಾನೊಬ್ಬನೇ ಉಳಿದೆ. ನಿಜ ಹೇಳುತ್ತೇನೆ, ಒಂದು ದಿನ ಪೂರ್ತಿ ಸುಮ್ಮನಿರುವ ಯೋಚನೆಯಲ್ಲೇ ಇದ್ದೆ.

ನಾಡಿದ್ದು ಶನಿವಾರ ಡಾಕ್ಟರು ಬರುತ್ತಾರೆ. ಇದೇ ಮಾತನ್ನು ಅವರಿಗೂ ಹೇಳುತ್ತೇನೆ. ಹಳೆಯ ಪುಸ್ತಕ ಇಗೋ, ಜಯಶ್ರೀಯವರ ಕೈಗೆ. ಹೊಸದರಲ್ಲಿ ನಿಮ್ಮ ಅಂಕಿ ನೀವೇ ಬರೆಯಿರಿ. ಬರೆಯಲು ಬಾರದವರು ಅಷ್ಟು ಗೆರೆ ಎಳೆಯಿರಿ. ನನ್ನ ಮೇಲಿನ ಸಿಟ್ಟಿಗೆ ಬರುವುದನ್ನು ಬಿಡಬೇಡಿ—ಹಂಬಲ್ ರಿಕ್ವೆಸ್ಟ್. ನಾನು ಬರಬೇಕೋ ಬೇಡವೋ, ನೀವು ಹೇಳಿದಂತೆ.

ಈಗ ಟೀಚರಿಗಾಗಿ ಎರಡು ನಿಮಿಷ ಮೌನವಾಗಿ ಎದ್ದು ನಿಲ್ಲೋಣ. ಆಗದವರು ಕುಳಿತೇ ಇರಿ, ಯಾರೂ ಸಂಕೋಚಕ್ಕೆ ಏಳಬೇಡಿ. ಯಾರು ಎದ್ದರು, ಯಾರು ಕುಳಿತರು—ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ.