ಮೂರನೆಯ ಇಂಜೆಕ್ಟರ್

ಫಳ್ನೀರಿನ ಏರಿನ ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಅಮ್ಮಣಿಯ ಎದುರಿಗೇ ಒಂದು ಡೀಸೆಲ್ ಟ್ಯಾಕ್ಸಿ ಕಪ್ಪು ಹೊಗೆ ಕಾರುತ್ತ ನಿಂತಿತು. ಓಡಿಸುತ್ತಿದ್ದ ಸೆವರಿನ್ ಪೊರ್ಬು ಎಂಜಿನ್ ಆರಿಸದೆ ಇಳಿದು ಬಾನೆಟ್ ಎತ್ತಿದರು. ಹಿಂದಿನಿಂದ ಮದುಮಗಳ ಗೌನಿನಲ್ಲಿ ಮಗಳು ವಿನಿಫ್ರೆಡ್ ಇಳಿದಳು.

"ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದದ್ದಾ ಪಪ್ಪಾ?"

"ಗಾಳಿ ನಿನ್ನೆಯೇ ತೆಗೆದಿದ್ದೇನೆ. ಈಗ ನೋಡು, ಬೇರೆ ಇಂಜೆಕ್ಟರಿನ ಪೈಪ್ ಸಡಿಲಿಸಿದರೆ ಎಂಜಿನ್ ಸೋಲ್ತದೆ, ಮೂರನೆಯದ್ದು ಸಡಿಲಿಸಿದರೆ ಎಂತದೂ ಆಗುವುದಿಲ್ಲ. ನಿನ್ನೆ ನಾನು ಮನೆಯಲ್ಲಿ ಹಾಕಿದ ಇಂಜೆಕ್ಟರೇ ಡೀಸೆಲ್ ಚಿಮ್ಮಿಸ್ತಾ ಇಲ್ಲ."

"ಜಗಲಿಯಲ್ಲಿ ಇಟ್ಟದ್ದಾ?"

"ಹೌದು. ಎಂತಕ್ಕೆ?"

"ಕಪ್ಪಾಗಿತ್ತು ಅಂತ ಪಾತ್ರೆಗಳ ಜೊತೆ ಹಂಚಿನ ಹುಡಿ ಹಾಕಿ ತಿಕ್ಕಿದೆ."

ಪೊರ್ಬು ಬಾನೆಟ್ ಮುಚ್ಚಿದರು.

"ಅದರ ತೂತು ಸೂಜಿಮೊನೆಗಿಂತ ಸಣ್ಣದು ಮಾರಾಯ್ತಿ. ಹುಡಿ ಕೂತಿದೆ. ಇನ್ನು ಈ ಏರು ಹತ್ತುವುದಿಲ್ಲ."

ಬಸ್ಸು ಬಂತು.

"ನೀನು ಹತ್ತು. ಇಗರ್ಜಿಯಲ್ಲಿ ಪಾದ್ರಿಗಳು ಕಾಯ್ತಾ ಇದ್ದಾರೆ."

"ನೀವು ಕೈಹಿಡಿದು ಒಳಗೆ ಕರಕೊಂಡು ಹೋಗದಿದ್ದರೆ ನನಗೆ ಎಂತ ಮದುವೆ?"

"ಈ ಕೈಯಾ? ಪೂರಾ ಮಸಿ ಉಂಟು."

"ಇದನ್ನು ನಾನು ತಿಕ್ಕುವುದಿಲ್ಲ. ಬನ್ನಿ."

ಅಪ್ಪ ಮಗಳು ಹತ್ತಿದರು. ಗೌನು ಬಾಗಿಲು ತುಂಬಿತು. "ತುಳಿಯಬೇಡಿ, ಮುಂದಿನ ಬಸ್ಸಿಗೆ ಬನ್ನಿ" ಎಂದು ಕಂಡಕ್ಟರ್ ಅಮ್ಮಣಿಯನ್ನು ಕೆಳಗೇ ಬಿಟ್ಟು ಸೀಟಿ ಊದಿದ.