ಅಳಿಸಬೇಕೆ?

ಬಾಗಿಲು ಸರಿಯಾಗಿ ಹಾಕಿದ್ದೀರಾ? ಹಾಗಿದ್ರೆ ಹತ್ತಿರ ಬನ್ನಿ. ಗಟ್ಟಿಯಾಗಿ ಹೇಳೋ ಕತೆ ಅಲ್ಲ ಇದು. ಕತೆ ಅಂತ ಬಾಯಿ ತಪ್ಪಿ ಅಂದೆ... ನಡೆದದ್ದು. ನಮ್ಮ ಪಕ್ಕದ ಮನೆಯವನಿಗೇ.

ಅವನು ಅಚ್ಚುಮನೆಯಲ್ಲಿ ಪ್ರೂಫ್ ತಿದ್ದೋನು. ಬೀದಿಯವರೆಲ್ಲ ಅವನಿಗಿಟ್ಟ ಹೆಸರು ಒತ್ತಕ್ಷರ. ಹೆಂಡತಿ ಚೀಟಿಯಲ್ಲಿ ‘ಸಕರೆ’ ಅಂತ ಬರೆದ್ರೆ, ಮೊದಲು ಒತ್ತು ಹಾಕಿ ಆಮೇಲೆ ಚೀಲ ಹಿಡಿಯೋ ಗಿರಾಕಿ. ಒಂದೇ ಮಾತು ಎರಡು ಸಲ ಕಂಡ್ರೆ ಅವನಿಗೆ ಕೈ ತುರಿಸೋದು. ಒಂದನ್ನ ಹೊಡೆದು ಹಾಕೋ ತನಕ ಸಮಾಧಾನ ಇಲ್ಲ.

ಆ ರಾತ್ರಿ ಕೆಲಸ ಮುಗಿಸಿ ಬರ್ತಿದ್ದ. ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ. ನೀರು ಸೇದೋರು ಯಾರೂ ಇಲ್ಲ. ಮೇಲೆ ಕಬ್ಬಿಣದ ಸರಳಿನ ಮುಚ್ಚಳ, ಅದಕ್ಕೊಂದು ಬೀಗ. ಇವನ ಚಪ್ಪಲಿ ಸದ್ದು ಬಿಟ್ಟು ಬೇರೇನಿಲ್ಲ... ಚಟ್, ಚಟ್, ಚಟ್.

ಆಮೇಲೆ ಇನ್ನೊಂದು ಸದ್ದು. ಬಿಕ್ಕೋದು. ಮೂಗು ಸುರ್ರ್ ಅಂತ ಎಳೆದುಕೊಳ್ಳೋದು. ಯಾವುದೋ ಮಗು, ಬಾವಿಕಟ್ಟೆಯ ಆಚೆ ಕೂತು ಅಳ್ತಾ ಇದೆ.

ಪಾಪ, ಒಳ್ಳೆಯವನೇ. ನಿಂತ.

“ಯಾಕಮ್ಮಾ ಅಳ್ತೀಯಾ?”

“ಅಳಿಸಿದ್ರು...”

“ಯಾರು ಅಳಿಸಿದ್ದು?”

ಸರಳಿನ ಮೇಲೆ ಉಗುರು ಎಳೆದ ಸದ್ದು... ಕಿರ್ರ್.

“ನೀನೇ.”

ಆಚೆ ಬಗ್ಗಿ ನೋಡಿದ. ಯಾರೂ ಇಲ್ಲ. ದನಿ ಬಂದದ್ದು ಬಾವಿಯೊಳಗಿಂದ. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಅವನು ಕಾಲಿಗೆ ಬುದ್ಧಿ ಹೇಳಿದ. ಒಂದು ಚಪ್ಪಲಿ ಅಲ್ಲೇ ಉಳೀತು.

ಈಗ ಅವತ್ತು ಬೆಳಿಗ್ಗೆ ಅವನು ಮಾಡಿದ್ದು ಹೇಳಬೇಕು. ಬಾಡಿಗೆ ಮನೆ ಬಿಟ್ಟು ಇನ್ನೂ ಚಿಕ್ಕ ಮನೆಗೆ ಹೋಗೋದಿತ್ತು. ಮನೆತನದ ಹಳೇ ಫೋಟೋ, ಕಾಗದಪತ್ರ ಎಲ್ಲ ಒಂದು ದೊಡ್ಡ ಟ್ರಂಕಿನಲ್ಲಿ. “ಇದನ್ನೂ ಹೊತ್ಕೊಂಡು ಹೋದ್ರೆ ನಾವೆಲ್ರೀ ಮಲಗೋದು?” ಅಂದಳು ಹೆಂಡತಿ. ಸರಿ, ಅಚ್ಚುಮನೆಯಿಂದ ಸ್ಕ್ಯಾನರ್ ತಂದ. ಒಂದೊಂದನ್ನೇ ಸ್ಕ್ಯಾನ್ ಮಾಡಿ, ಹೆಸರು ಕೊಟ್ಟು, ಯಾರ ಮಕ್ಕಳು ಯಾರು ಅಂತ ಕಂಪ್ಯೂಟರಿನಲ್ಲಿ ವಂಶವೃಕ್ಷಕ್ಕೆ ಸೇರಿಸೋದು. ಆಮೇಲೆ ಕಾಗದವನ್ನ ಹಿತ್ತಿಲಲ್ಲಿ ಸುಡೋದು.

ಅವತ್ತು ಕೈಗೆ ಎರಡು ಫೋಟೋ ಬಂದವು. ಅದೇ ಸ್ಟೂಲು, ಅದೇ ಚುಕ್ಕಿ ಫ್ರಾಕು, ಅದೇ ವಯಸ್ಸಿನ ಹುಡುಗಿ. ಎರಡರ ಹಿಂದೆಯೂ ತಾತನ ಕೈಬರಹ: ಗುಬ್ಬಿ. ಗುಬ್ಬಿ ಅಂದ್ರೆ ಇವನ ಸೋದರತ್ತೆ. ತಾಯಿ ಇಲ್ಲದ ಇವನನ್ನ ಎತ್ತಿ ಆಡಿಸಿ ಸಾಕಿದವಳು. ಈಗ ಹಾಸಿಗೆ ಹಿಡಿದು ಇವನ ಮನೆಯಲ್ಲೇ ಇದ್ದಾಳೆ. ಅವಳು ಅಂದ್ರೆ ಇವನಿಗೆ ಪ್ರಾಣ.

ಒಂದು ಫೋಟೋ ಸೊಗಸಾಗಿದೆ. ಇನ್ನೊಂದರಲ್ಲಿ ಮುಖ ಮಾತ್ರ ಅಲ್ಲಾಡಿ ಮಸುಕಾಗಿದೆ. ಒಂದೇ ಎರಡು ಸಲ ಯಾಕೆ? ಕೈ ತುರಿಸಿತು. ಮಸುಕಾದದ್ದರ ಮೇಲೆ ಒತ್ತಿದ. ‘ಅಳಿಸಬೇಕೆ?’ ಅಂತ ಕೇಳಿತು ಕಂಪ್ಯೂಟರ್. ‘ಹೌದು’ ಅಂದ. ಕಾಗದದ ಫೋಟೋ ಬೆಂಕಿಯಲ್ಲಿ ಚುರ್ರ್ ಅಂತು. ಪಕ್ಕದ ಕೋಣೆಯಲ್ಲೇ ಇದ್ದ ಅತ್ತೆಯನ್ನ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ರಾತ್ರಿ ಏದುಸಿರು ಬಿಡ್ತಾ ಬಂದವನನ್ನ ನೋಡಿ ಅತ್ತೆ ನಕ್ಕಳು.

“ಏನೋ ಮರಿ, ಒಂದೇ ಚಪ್ಪಲೀಲಿ ಬಂದಿದ್ದೀಯ?”

ಮರಿ ಅಂತ ಅವನನ್ನ ಕರೆಯೋಳು ಜಗತ್ತಿನಲ್ಲಿ ಅವಳೊಬ್ಬಳೇ. ಇವನು ಮಾತು ಮರೆಸೋಕೆ, “ಅತ್ತೆ, ನಿನ್ನ ಚಿಕ್ಕಂದಿನ ಫೋಟೋ ಸಿಕ್ತು. ಒಂದರಲ್ಲಿ ಅಲ್ಲಾಡಿಬಿಟ್ಟಿದ್ದೀಯ” ಅಂದ.

ಅತ್ತೆಯ ನಗು ನಿಂತುಹೋಯ್ತು.

“ಅಲ್ಲಾಡಿದ್ದು ನಾನಲ್ಲ ಕಣೋ... ನಮ್ಮಕ್ಕ. ನಿಂತಲ್ಲಿ ನಿಲ್ತಿರಲಿಲ್ಲವಂತೆ. ಇದೇ ಬೀದಿ ಬಾವಿಗೆ ಬಿದ್ದು ಹೋದಳು. ನಾನು ಹುಟ್ಟಿದ್ದು ಆಮೇಲೆ. ನಮ್ಮ ಗುಬ್ಬಿನೇ ವಾಪಸ್ ಬಂದಳು ಅಂದುಬಿಟ್ರು ಅಪ್ಪ. ಅವಳ ಹೆಸರೇ ನನಗೆ, ಅವಳ ಫ್ರಾಕೇ ನನಗೆ. ಅವಳಿಗೆ ಅಂತ ಉಳಿದದ್ದು ಆ ಫೋಟೋ ಒಂದೇ.” ಅತ್ತೆ ದನಿ ತಗ್ಗಿಸಿದಳು. “‘ಅದನ್ನ ಜೋಪಾನ ಮಾಡೇ, ಅವಳಿಗೂ ಒಂದು ಜಾಗ ಇರಲಿ, ಇಲ್ಲದಿದ್ರೆ ನಿನ್ನ ಜಾಗ ಕೇಳ್ತಾಳೆ’ ಅಂತಿದ್ಲು ಅಮ್ಮ... ಇದೆ ತಾನೇ ಮರಿ?”

“ಇದೆ ಅತ್ತೆ. ಭದ್ರವಾಗಿದೆ.”

ಹೇಳಿದ್ದು ಹಸೀ ಸುಳ್ಳು. ಓಡಿ ಹೋಗಿ ಕಂಪ್ಯೂಟರ್ ಹಾಕಿದ. ಅಳಿಸಿದ್ದು ಎಲ್ಲೂ ಇಲ್ಲ. ಹಿತ್ತಿಲಲ್ಲಿ ಬರೀ ಬೂದಿ. ಆಗ ಹೊಳೀತು ಅವನಿಗೆ, ಬಾವಿ ಹತ್ತಿರ ಆ ಮಗು ಅಂದದ್ದು ಯಾವ ‘ಅಳಿಸಿದ್ರು’ ಅಂತ. ಜೀವಮಾನವೆಲ್ಲ ಅಕ್ಷರ ತಿದ್ದಿದವನು, ಆ ಒಂದು ಮಾತನ್ನ ತಪ್ಪಾಗಿ ಓದಿದ್ದ.

ಫೋಟೋ ಹೋದರೆ ಹೋಗಲಿ, ಹೆಸರಾದರೂ ಇರಲಿ ಅಂತ ವಂಶವೃಕ್ಷದಲ್ಲಿ ಅತ್ತೆಯ ಹೆಸರಿನ ಪಕ್ಕ ಒಂದು ಜಾಗ ಮಾಡಿ ‘ಗುಬ್ಬಿ’ ಅಂತ ಟೈಪ್ ಮಾಡಿದ. ‘ಈ ಹೆಸರು ಈಗಾಗಲೇ ಇದೆ. ಒಂದನ್ನು ಅಳಿಸಬೇಕೆ?’ ಬೇಡ. ಟಕ್. ಮತ್ತೆ ಕೇಳಿತು. ಬೇಡ. ಟಕ್. ಮತ್ತೆ...

ಹೊರಗೆ ಬೀದಿಯಲ್ಲಿ ಚಪ್ಪಲಿ ಸದ್ದು. ಒಂದೇ ಕಾಲಿನದು. ಚಟ್... ಪಚಕ್. ಚಟ್... ಪಚಕ್. ಇನ್ನೊಂದು ಕಾಲು ಒದ್ದೆಯಾದ ಬರಿಗಾಲು. ಗೇಟು ಕಿರ್ ಅಂತು. ಹಾಕಿದ ಬಾಗಿಲು ತೆರೀಲಿಲ್ಲ, ಸದ್ದು ಮಾತ್ರ ಒಳಗೆ ಬಂತು. ಇವನ ಬೆನ್ನ ಹಿಂದೆ ಹಾಯ್ದು ಅತ್ತೆಯ ಕೋಣೆಗೆ ಹೋಯ್ತು.

“ಅಕ್ಕಾ... ಬಂದ್ಯಾ?” ಅತ್ತೆಯ ದನಿ. ಆಮೇಲೆ, “ಮರೀ... ನನ್ನನ್ನ ಅಳಿಸಬೇಡ್ವೋ...”

ಮತ್ತೆ ‘ಬೇಡ’ ಒತ್ತೋಕೆ ಅವನು ಕೈ ಚಾಚಿದ. ಬೀದಿ ತಿರುವಿನ ಕಡೆಯಿಂದ ಒಂದೇ ಒಂದು ಸದ್ದು ಬಂತು... ಧುಡುಂ. ಪರದೆ ನೋಡಿದ. ಒಂದೇ ಗುಬ್ಬಿ ಇತ್ತು. ಇವನು ಏನೂ ಒತ್ತಿರಲಿಲ್ಲ.

ಬೆಳಿಗ್ಗೆ ಅತ್ತೆ ಮಂಚದ ಮೇಲೆ ಕೂತಿದ್ದಳು, ಕಾಲು ಆಡಿಸ್ತಾ. ಮಗ್ಗುಲು ಬದಲಿಸೋಕೂ ಇನ್ನೊಬ್ಬರು ಬೇಕಾಗಿದ್ದವಳು! ಅದೇ ಮುಖ, ಅದೇ ಸುಕ್ಕು. ತಲೆಗೂದಲು ತೊಯ್ದು ತೊಪ್ಪೆ. ಇವನನ್ನ ನೋಡಿ, “ನೀನ್ಯಾರು?” ಅಂದಳು. ಮಂಚದ ಕೆಳಗೆ ಇವನ ಚಪ್ಪಲಿ ಇತ್ತು. ಡಾಕ್ಟರು ಬಂದು ನೋಡಿ, ವಯಸ್ಸಾಯ್ತಲ್ಲ, ಮರೆವು ಅಂದ್ರು. ಅವರಿಗೇನು ಗೊತ್ತು?

ಮನೆ ಬದಲಾಯಿಸಿದ್ರು. ಆದ್ರೆ ಅಚ್ಚುಮನೆಯಿಂದ ಬರೋ ದಾರಿ ಅದೇ ತಾನೇ. ಒಂದು ರಾತ್ರಿ ಬಾವಿ ಹತ್ತಿರ ಮತ್ತೆ ಅಳು ಕೇಳಿಸ್ತಂತೆ. ಮಗುವಿನದಲ್ಲ. ನಡುಗೋ ದನಿ, ವಯಸ್ಸಾದವಳದು. “ಮರೀ... ಮರೀ...” ಅಂತ. ಅವತ್ತಿಂದ ಊರೆಲ್ಲ ಸುತ್ತಿ ಮನೆಗೆ ಹೋಗ್ತಾನೆ. ಹೆಂಡತಿ ಚೀಟಿಯಲ್ಲಿ ಏನು ಬರೆದ್ರೂ ತಿದ್ದೋದಿಲ್ಲ. ಅವನ ಮುಖ ನೋಡೋಕಾಗಲ್ಲ ನನಗೆ.

ನಂಬದಿದ್ರೆ ಬಿಡಿ, ನನಗೇನೂ ನಷ್ಟ ಇಲ್ಲ. ಹೊಸ ಮನೆಗೆ ಹೋದಾಗ ಗುಬ್ಬತ್ತೆಯ ಫೋಟೋ ತೆಗೆದವನು ನಾನೇ. ಹಗಲು ಹೊತ್ತು, ಒಳ್ಳೇ ಬೆಳಕು. ಕಲ್ಲಿನ ಹಾಗೆ ಕೂತಿದ್ದಳು. ಗೋಡೆ, ಮಂಚ, ಮಡಿಲಲ್ಲಿಟ್ಟ ಕೈ, ಎಲ್ಲ ಸ್ಪಷ್ಟವಾಗಿ ಬಿತ್ತು. ಮುಖ ಮಾತ್ರ ಅಲ್ಲಾಡಿತ್ತು. ಇನ್ನೊಂದು ತೆಗೆದೆ. ಅದೂ ಹಾಗೇ.

ಎರಡೂ ಈ ಫೋನಿನಲ್ಲೇ ಇವೆ. ಒಂದೇ ಥರ ಇವೆಯಲ್ಲ, ಒಂದನ್ನು ಅಳಿಸಬೇಕೆ ಅಂತ ಫೋನು ಆಗಾಗ ಕೇಳುತ್ತೆ. ನಾನು ಬೇಡ ಅಂತಲೇ ಒತ್ತುತ್ತೀನಿ.